ಸೌಟಜ್ಜಿ ಸೈಕಲ್ ಹತ್ತಿದ ವಾರ

ಬೇಸಿಗೆ ರಜೆಯ ಕೊನೆಯ ವಾರ ಬಂತೆಂದರೆ ಸೌಟಜ್ಜಿಯ ಮನೆಯವರೆಲ್ಲ ಕಾಲಿಗೆ ಚಕ್ರ ಕಟ್ಟಿಕೊಂಡುಬಿಡುತ್ತಿದ್ದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಳಿಯನಿಗೆ ಒಟ್ಟಾಗಿ ರಜೆ ಸಿಗುತ್ತಿದ್ದದ್ದು ಆ ಒಂದು ವಾರ ಮಾತ್ರ. ಅಷ್ಟರೊಳಗೆ ಮೃಗಾಲಯ, ಅವನ ಅಕ್ಕನ ಮನೆ, ಈಜುಕೊಳ, ಮಕ್ಕಳಿಗೆ ಹೊಸ ಬೂಟು, ಕೊನೆಗೆ ಭಾನುವಾರ ನದಿಯ ಕಟ್ಟೆಯವರೆಗೆ ಸೈಕಲ್ ಸವಾರಿ, ಎಲ್ಲವೂ ಆಗಲೇಬೇಕು. ರಜೆ ಮುಗಿದ ಮೇಲೆ ದಣಿವಾರಿಸಿಕೊಳ್ಳಲು ಇನ್ನೊಂದು ರಜೆ ಬೇಕು ಅನ್ನಿಸುವಂತಹ ರಜೆ ಅದು.

ಸೌಟಜ್ಜಿ ಎಂದು ಹೆಸರಿಟ್ಟವರು ಶಾಲೆಯ ಮಕ್ಕಳು. ಎರಡು ಬೀದಿ ಆಚೆಗಿನ ಶಾಲೆಯಲ್ಲಿ ಆಕೆ ಅಡುಗೆಯವಳು. ಊಟದ ಗಂಟೆ ಹೊಡೆದಾಗ ಕೈಯಲ್ಲಿ ಸೌಟು ಹಿಡಿದು ಕಿಟಕಿಯ ಹಿಂದೆ ನಿಂತರೆ, ಎಂಥ ಪೋಕರಿಗಳೂ ತೆಪ್ಪಗೆ ಸಾಲಿನಲ್ಲಿ ನಿಲ್ಲುತ್ತಿದ್ದರು. ಹೆಸರು ಶಾಲೆಯಿಂದ ಬೀದಿಗೆ ಬಂತು, ಬೀದಿಯಿಂದ ಮನೆಗೂ ಬಂತು.

ಮನೆಯವರ ತಿರುಗಾಟದಲ್ಲಿ ಅಜ್ಜಿಯ ಪಾಲಿನ ಕೆಲಸ ಒಂದೇ: ಚೀಲ ಕಾಯುವುದು. ‘ಅಜ್ಜಿ ಇದ್ದಾರಲ್ಲ, ಅಲ್ಲೇ ಇಡಿ’ ಎಂದು ಹೇಳಿ ಎಲ್ಲರೂ ಹಗುರಾಗಿ ಓಡುತ್ತಿದ್ದರು. ಈಜುಕೊಳದಲ್ಲಿ ಟವೆಲ್ಲು, ಚಪ್ಪಲಿ. ಮೃಗಾಲಯದಲ್ಲಿ ನೀರಿನ ಬಾಟಲಿ. ಭಾನುವಾರವಂತೂ ಉಳಿದವರು ಸೈಕಲ್ಲಿನಲ್ಲಿ ಹೋದರೆ ಆಕೆ ಊಟದ ಬುಟ್ಟಿ ಹಿಡಿದು ಬಸ್ಸಿನಲ್ಲಿ ಹೋಗಿ, ಕಟ್ಟೆಯ ಹತ್ತಿರ ದಾರಿ ನೋಡುತ್ತ ಕೂರುತ್ತಿದ್ದಳು. ಅದರ ಬಗ್ಗೆ ಆಕೆಗೆ ಬೇಸರವೇನೂ ಇರಲಿಲ್ಲ. ಯೋಚನೆಯೇ ಬಂದಿರಲಿಲ್ಲ ಅನ್ನಬೇಕು.

ಈ ವರ್ಷ ಸೋಮವಾರ ಬೆಳಗ್ಗೆ ಹಾಲು ಕುಡಿಯುತ್ತ ಕಿರಿಯ ಮೊಮ್ಮಗಳು ಆ ಯೋಚನೆ ತಂದಳು. ಏಳು ವರ್ಷದ ಆ ಹುಡುಗಿಯನ್ನು ಎಲ್ಲರೂ ಪಟಾಕಿ ಎಂದೇ ಕರೆಯುವುದು.

“ಅಜ್ಜಿ, ನಿಂಗೆ ನಿಜವಾಗ್ಲೂ ಸೈಕಲ್ ಬರಲ್ವಾ?”

“ಇಲ್ಲ ಕಣೇ.”

“ಯಾಕೆ?”

ಪಟಾಕಿ ಉತ್ತರಕ್ಕೆ ಕಾಯುವ ಜಾತಿಯವಳಲ್ಲ, ಹಾಲಿನ ಮೀಸೆ ಒರೆಸಿಕೊಂಡು ಓಡಿದಳು.

ಶಾಲೆ ತೆರೆಯುವ ಮುಂಚೆ ಅಡುಗೆಮನೆಯ ದೊಡ್ಡ ಪಾತ್ರೆಗಳನ್ನೆಲ್ಲ ಇಳಿಸಿ ತಿಕ್ಕಬೇಕಿತ್ತು. ದಿನಾ ಬೆಳಗ್ಗೆ ಆ ಕೆಲಸ, ಮಧ್ಯಾಹ್ನದ ಮೇಲೆ ಮನೆಯವರ ಜೊತೆ ತಿರುಗಾಟ. ಒಬ್ಬಳೇ ಕೂತು ಕೊಪ್ಪರಿಗೆಯ ತಳ ತಿಕ್ಕುವಾಗ ಆ ‘ಯಾಕೆ’ ಮತ್ತೆ ಬಂತು. ಯಾಕೆ ಬರಲ್ಲ? ಮನೆಗೆ ಹಿರಿಯ ಮಗಳು. ತಮ್ಮಂದಿರು ಬೀದಿಯಲ್ಲಿ ಬಿದ್ದು ಎದ್ದು ಸೈಕಲ್ ಕಲಿಯುವಾಗ ಆಕೆಯ ಸೊಂಟದ ಮೇಲೆ ಸದಾ ಒಂದು ಕೂಸು. ಒಂದು ಇಳಿದರೆ ಇನ್ನೊಂದು. ಮುಂದೆ ಎಲೆಕ್ಟ್ರಿಷಿಯನ್ ಗಂಡನ ಸ್ಕೂಟರು ಬಂತು. ಒಳ್ಳೆಯ ಮನುಷ್ಯ. “ಎಲ್ಲಿಗೆ ಹೋಗ್ಬೇಕು ಹೇಳು, ನಾನಿದ್ದೀನಲ್ಲ” ಅನ್ನುತ್ತಿದ್ದ. ಆಕೆ ಹಿಂದೆ ಕೂತು ಅವನ ಬೆನ್ನು ನೋಡುತ್ತ ಊರೆಲ್ಲ ಸುತ್ತಿದಳು. ಅವನು ಹೋದ ಮೇಲೆ ಬಸ್ಸು. ಯಾರೂ ಬೇಡ ಅಂದವರಿಲ್ಲ. ಕಲಿ ಅಂದವರೂ ಇಲ್ಲ.

ಕೈ ತೊಳೆದುಕೊಂಡು ಹೊರಗೆ ಬಂದಾಗ ಗೇಟಿನ ಪಕ್ಕ ತಗ್ಗು ಸೀಟಿನ ಒಂದು ಸೈಕಲ್ ನಿಂತಿತ್ತು. ಶಾಲೆಯ ಕಾವಲುಗಾರ ಗೇಟಣ್ಣನ ಮಗಳದ್ದು. ಅವಳು ಕೆಲಸಕ್ಕೆಂದು ಬೇರೆ ಊರಿಗೆ ಹೋದ ಮೇಲೆ ಅಪ್ಪನೇ ಅದನ್ನು ಓಡಿಸುತ್ತಿದ್ದ.

“ಏನಕ್ಕಾ, ಸೈಕಲ್ಲನ್ನ ಹಾಗೆ ನೋಡ್ತಿದ್ದೀರಿ? ಬೆಂದಿದೆಯಾ ಇಲ್ವಾ ಅಂತಲಾ?” ಎಂದ ಗೇಟಣ್ಣ, ದಪ್ಪ ಮೀಸೆಯೊಳಗೇ ನಗುತ್ತ.

“ಇದನ್ನ ಕಲಿಯೋಕೆ ಎಷ್ಟು ವಯಸ್ಸಾಗಿರ್ಬೇಕು?”

“ಕಾಲು ನೆಲಕ್ಕೆ ಮುಟ್ಟೋ ವಯಸ್ಸಾದ್ರೆ ಸಾಕು.”

“ನಂದು ಮುಟ್ಟುತ್ತೆ.”

“ಹಾಗಾದ್ರೆ ಇನ್ನೇನು, ಹತ್ತಿ.”

ತಮಾಷೆಗೆ ಅಂದ ಮಾತು. ಸೌಟಜ್ಜಿ ಹತ್ತಿಯೇಬಿಟ್ಟಳು. ಗೇಟಣ್ಣ ಗಾಬರಿಯಿಂದ ಓಡಿಬಂದು ಹಿಂದಿನ ಕ್ಯಾರಿಯರ್ ಹಿಡಿದುಕೊಂಡ.

“ಕೆಳಗೆ ನೋಡ್ಬೇಡಿ ಅಕ್ಕಾ! ಚಕ್ರ ಎಲ್ಲೂ ಓಡಿಹೋಗಲ್ಲ, ಅಲ್ಲೇ ಇರುತ್ತೆ. ಮುಂದೆ ನೋಡಿ!”

ಆಕೆ ಮುಂದೆ ನೋಡಿದಳು. ಮುಂದೆ ಒಂದು ಮರ. ಸೈಕಲ್ ನೆಟ್ಟಗೆ ಮರದ ಕಡೆಗೇ ಹೊರಟಿತು.

“ಅಯ್ಯೋ, ಮರ ನೋಡ್ಬೇಡಿ!”

“ನೀನೇ ಮುಂದೆ ನೋಡು ಅಂದ್ಯಲ್ಲೋ ಮಾರಾಯ!”

“ಮುಂದೆ ಅಂದ್ರೆ ದಾರಿ ಅಕ್ಕಾ, ಮರ ಅಲ್ಲ!”

ಮರಕ್ಕೆ ಒಂದು ಗೇಣು ಇರುವಾಗ ಸೈಕಲ್ ನಿಂತಿತು. ಗೇಟಣ್ಣನಿಗೆ ಜೀವ ಬಾಯಿಗೆ ಬಂದಿತ್ತು. ಇಬ್ಬರೂ ಸುಧಾರಿಸಿಕೊಂಡ ಮೇಲೆ ಸೌಟಜ್ಜಿ ಹೇಳಿದ್ದು ಇಷ್ಟು: “ಮನೇಲಿ ಯಾರಿಗೂ ಹೇಳ್ಬೇಡ. ನಾಳೆ ಬೇಗ ಬರ್ತೀನಿ.”

ಮರುದಿನ ತನ್ನ ಮಗಳ ಹಳೆಯ ಟ್ರ್ಯಾಕ್ ಪ್ಯಾಂಟನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ಹೋದಳು. ಮೊದಲು ಸೈಕಲ್, ಆಮೇಲೆ ಪಾತ್ರೆ. ಮಧ್ಯಾಹ್ನ ಮೃಗಾಲಯದಲ್ಲಿ ಕಾಲುಗಳು ಮರದ ದಿಮ್ಮಿಗಳಾಗಿದ್ದವು. ಕರಡಿಯ ಎದುರಿನ ಕಲ್ಲುಬೆಂಚಿನ ಮೇಲೆ ಕೂತವಳಿಗೆ ಹಾಗೇ ಜೊಂಪು ಹತ್ತಿತು. ಕರಡಿಯೂ ಮಲಗಿತ್ತು. ಬುಧವಾರ ಅಳಿಯನ ಅಕ್ಕನ ಮನೆಯಲ್ಲಿ ಕುರ್ಚಿಯಿಂದ ಏಳುವಾಗ ಬಾಯಿಂದ ಸಣ್ಣಗೆ ‘ಅಮ್ಮಾ’ ಹೊರಟಿತು.

“ಅತ್ತೆ, ಈ ಸಲ ಪಾತ್ರೆ ಜಾಸ್ತಿ ಇದ್ದ ಹಾಗಿದೆ?” ಎಂದು ಅಳಿಯ ಕೇಳಿದ.

“ಹೂಂ ಕಣಪ್ಪ. ತಳ ಹಿಡಿದುಬಿಟ್ಟಿವೆ” ಎಂದಳು ಸೌಟಜ್ಜಿ, ಮುಖದ ಮೇಲೆ ಒಂದು ಗೆರೆಯೂ ಅಲುಗದಂತೆ.

ಗುರುವಾರ ಗೇಟಣ್ಣ ಹೇಳದೆ ಕೇಳದೆ ಕೈಬಿಟ್ಟ. ಅಂಗಳದ ಆಚೆ ಬದಿ ಮುಟ್ಟಿದ ಮೇಲೆ ಆಕೆ, “ಗೇಟಣ್ಣಾ, ಬಿಡ್ಬೇಡ ಮತ್ತೆ!” ಎಂದು ಕೂಗಿದಳು. “ಆಯ್ತಕ್ಕಾ” ಎಂಬ ಉತ್ತರ ಎಲ್ಲೋ ದೂರದಿಂದ, ಗೇಟಿನ ಹತ್ತಿರದಿಂದ ಬಂತು. ಅಷ್ಟು ತಿಳಿದದ್ದೇ ತಡ, ಸೈಕಲ್ ಒಂದು ಕಡೆ, ಆಕೆ ಒಂದು ಕಡೆ. ಮೊಣಕೈ ತರಚಿ ರಕ್ತ ಬಂತು. ಗೇಟಣ್ಣ ಓಡಿಬಂದು ನೋಡಿದರೆ ಸೌಟಜ್ಜಿ ಧೂಳಿನಲ್ಲಿ ಕಾಲು ಚಾಚಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ಅಲ್ಲಿಂದ ಇಲ್ಲೀವರೆಗೂ ನಾನೊಬ್ಬಳೇ ಬಂದ್ನೇನೋ?”

“ನೀವೊಬ್ಬರೇ, ಅಕ್ಕಾ.”

ಶುಕ್ರವಾರ ಈಜುಕೊಳಕ್ಕೆ ಹೊರಟಾಗ ಆಕೆ ಆ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ತೊಟ್ಟಿದ್ದಳು. ಆದರೆ ಪಟಾಕಿ ಸುಮ್ಮನಿರಬೇಕಲ್ಲ. ನೀರಿನಿಂದ ಎದ್ದುಬಂದು ಅಜ್ಜಿಯ ಕೈ ಹಿಡಿದು ಎಳೆದಳು, ತೋಳು ಸರಿಯಿತು, ಮೊಣಕೈ ಹೊರಬಿತ್ತು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಾಯ ಕಂಡರೆ ಅವಳ ಕಣ್ಣಿಗೆ ಬೇರೇನೂ ಕಾಣುವುದಿಲ್ಲ.

“ಏನಮ್ಮ ಇದು?”

“ಬಿದ್ದೆ.”

“ಎಲ್ಲಿ?”

“ಶಾಲೇಲಿ.”

“ಶಾಲೇಲಿ ಎಲ್ಲಿ?”

“ಅಂಗಳದಲ್ಲಿ.”

“ಅಂಗಳದಲ್ಲಿ ಹೇಗೆ ಬಿದ್ದೆ?”

ಇನ್ನು ದಾರಿಯಿರಲಿಲ್ಲ. “ಸೈಕಲ್ ಮೇಲಿಂದ” ಎಂದಳು ಸೌಟಜ್ಜಿ.

ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದ ಅಳಿಯನಿಗೆ ನೆತ್ತಿಗೆ ಹತ್ತಿತು. ಪಟಾಕಿ ಕಿರುಚಿ ಕುಣಿದಳು. ಮಗಳ ಮುಖ ಮಾತ್ರ ಕೆಂಪಾಯಿತು. “ಈ ವಯಸ್ಸಲ್ಲಿ ನಿಂಗೆ ಇದೆಲ್ಲ ಬೇಕಾ? ಸೊಂಟ ಮುರಿದಿದ್ರೆ? ಸೋಮವಾರ ಶಾಲೆ ಶುರು, ನಿನ್ನ ಕೆಲಸದ ಗತಿ? ಯಾರಾದ್ರೂ ನೋಡಿದ್ರೆ ಏನಂತಾರೆ?” ಹೀಗೆ ಉಸಿರು ತೆಗೆದುಕೊಳ್ಳದೆ ಬೈದಳು.

ಸೌಟಜ್ಜಿ ಮಗಳ ಜೊತೆ ಜಗಳಕ್ಕೆ ನಿಲ್ಲುವವಳಲ್ಲ. ಬೈಗುಳ ಮುಗಿದ ಮೇಲೆ ಮೆಲ್ಲಗೆ ಕೇಳಿದಳು: “ನೀನು ಸೈಕಲ್ ಕಲಿಯೋವಾಗ ಹಿಂದೆ ಹಿಡ್ಕೊಂಡು ಓಡಿದ್ದು ಯಾರು?”

“ನೀನು. ಅದಕ್ಕೇನೀಗ?”

“ನಂಗೆ ಬರ್ತಿತ್ತಾ?”

ತಾನು ಸೈಕಲ್ ಕಲಿತ ಬೀದಿ ಮಗಳಿಗೆ ನೆನಪಿತ್ತು. ಬೆವರುತ್ತ ಏದುಸಿರು ಬಿಡುತ್ತ ಹಿಂದೆ ಓಡಿಬರುತ್ತಿದ್ದ ಅಮ್ಮ, “ನಾನು ಹಿಡ್ಕೊಂಡಿದ್ದೀನಿ, ಹೋಗು ಹೋಗು” ಅನ್ನುತ್ತಿದ್ದ ಅಮ್ಮ. ಅಮ್ಮನಿಗೆ ಸೈಕಲ್ ಬರುತ್ತದೋ ಇಲ್ಲವೋ ಎಂದು ಆಗ ಅವಳು ಕೇಳಿರಲಿಲ್ಲ. ಅಮ್ಮನಿಗೆ ಎಲ್ಲ ಬರುತ್ತದೆ ಅಂದುಕೊಂಡಿದ್ದಳು. ಆಮೇಲೆ ದೊಡ್ಡವಳಾದ ಮೇಲೂ, ಬರುವುದಿಲ್ಲ ಎಂದು ಗೊತ್ತಾದ ಮೇಲೂ, ಬೇಕಿತ್ತೇನೋ ಎಂದು ಕೇಳಿರಲಿಲ್ಲ. ಮುಲಾಮು ಹಚ್ಚಿ ಪಟ್ಟಿ ಕಟ್ಟಿದಳು.

ಶನಿವಾರ ಬೆಳಗ್ಗೆ ಸೌಟಜ್ಜಿ ಶಾಲೆಯ ಅಂಗಳದಲ್ಲಿ ಸೈಕಲ್ ಹಿಡಿದು ನಿಂತಿದ್ದಾಗ ಗೇಟು ಕಿರುಗುಟ್ಟಿತು. ಮಗಳು ಬೂಟು ಹಾಕಿಕೊಂಡು ಬಂದಿದ್ದಳು. “ಗೇಟಣ್ಣ, ನೀವು ಸ್ವಲ್ಪ ಕೂತ್ಕೊಳ್ಳಿ” ಎಂದು ಹೇಳಿ ತಾನೇ ಕ್ಯಾರಿಯರ್ ಹಿಡಿದಳು. ಮೊದಲ ಸುತ್ತಿನಲ್ಲೇ ಅವಳಿಗೆ ಏದುಸಿರು ಬಂತು.

“ಅಮ್ಮಾ, ಬಿಡ್ಲಾ?”

“ಕೇಳ್ಬೇಡ ಕಣೇ, ಬಿಟ್ಬಿಡು!”

ಬಿಟ್ಟಳು. ಅಮ್ಮ ಮರವನ್ನು ಬಳಸಿ, ನಲ್ಲಿಕಟ್ಟೆಯನ್ನು ಬಳಸಿ, ತರಗತಿಗಳ ಜಗಲಿಯ ಉದ್ದಕ್ಕೂ ಹೋಗಿ ತಿರುಗಿ ಬಂದಳು. ನಿಲ್ಲಿಸುವುದೊಂದು ಇನ್ನೂ ಕೈಗೆ ಹತ್ತಿರಲಿಲ್ಲ. ಎರಡೂ ಕಾಲು ಕೆಳಗೆ ಬಿಟ್ಟು, ಚಪ್ಪಲಿ ಸವೆಸುತ್ತ ನಿಲ್ಲುತ್ತಿದ್ದಳು. ಮಗಳು ಜಗಲಿಯ ಮೇಲೆ ಕೂತು ನಕ್ಕಳು, ಹಾಗೇ ಕಣ್ಣನ್ನು ತೋಳಿನಿಂದ ಒರೆಸಿಕೊಂಡಳು. “ನಾಳೆ ನೀನು ಬಸ್ಸಲ್ಲಿ ಬರೋದು ಬೇಡ” ಎಂದಳು. ಗೇಟಣ್ಣ ಅದೇ ಕ್ಷಣ ಸೈಕಲ್ ಕೊಡುವುದಾಗಿ ಒಪ್ಪಿದ. ಬ್ರೇಕನ್ನೂ ಬಿಗಿ ಮಾಡಿಕೊಟ್ಟ.

ಭಾನುವಾರ ಬಿಸಿಲಿಗೆ ಮೊದಲಿನ ಕಾವಿರಲಿಲ್ಲ. ಬೆಳಗಿನಿಂದಲೇ ತೆಳ್ಳಗೆ ಮೋಡ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹೆಚ್ಚಿದ ಹಣ್ಣು ತುಂಬಿದ ಚೀಲ ಅಳಿಯನ ಬೆನ್ನೇರಿತು. ಕಾಲುವೆಯ ಪಕ್ಕದ ದಾರಿ ಸಮತಟ್ಟು. ಎಲ್ಲರೂ ಅಜ್ಜಿಯ ವೇಗಕ್ಕೆ ಹೊಂದಿಕೊಂಡು ಹೋದರು. ಪಟಾಕಿಗೆ ಮಾತ್ರ ತಾಳ್ಮೆ ಕೆಟ್ಟು, ಮುಂದೆ ಹೋಗಿ ವಾಪಸ್ ಬಂದು, ಅದೇ ದಾರಿಯನ್ನು ಎರಡು ಸಲ ತುಳಿದಳು.

ಕಟ್ಟೆಗೆ ಮುಂಚೆ ಒಂದು ಏರು. ಅಜ್ಜಿ ಇಳಿದು ಸೈಕಲ್ ತಳ್ಳತೊಡಗಿದಳು. ಹಿರಿಯ ಮೊಮ್ಮಗಳೂ ಇಳಿದು ಜೊತೆಗೆ ನಡೆದಳು. ಹದಿಮೂರರ ಹುಡುಗಿ, ಮಾತು ಕಡಿಮೆ. ವಾರವೆಲ್ಲ ಇನ್ನೂ ಕಡಿಮೆಯಾಗಿತ್ತು. ಏರಿನ ತುದಿಗೆ ಬಂದಾಗ, “ಅಜ್ಜಿ, ನಂಗೆ ಹೊಸ ಹೈಸ್ಕೂಲು ಅಂದ್ರೆ ಭಯ. ಅಲ್ಲಿ ಒಬ್ಬರೂ ಗೊತ್ತಿಲ್ಲ” ಎಂದಳು.

ಸೌಟಜ್ಜಿ ಮುಂದಿನ ಇಳಿಜಾರು ನೋಡಿದಳು. ಕೆಳಗೆ ನದಿ ಹೊಳೆಯುತ್ತಿತ್ತು. “ನಂಗೂ ಇದನ್ನ ನೋಡಿದ್ರೆ ಭಯ.”

“ಮತ್ತೆ?”

“ಮತ್ತೇನು, ಇಳೀಲೇಬೇಕಲ್ಲ. ಊಟದ ಚೀಲ ನಿಮ್ಮಪ್ಪನ ಹತ್ರ ಇದೆ.”

ಹುಡುಗಿ ಫಕ್ಕನೆ ನಕ್ಕಳು. ಇಬ್ಬರೂ ಒಟ್ಟಿಗೇ ಸೈಕಲ್ ಹತ್ತಿದರು.

ಇಳಿಜಾರಿನಲ್ಲಿ ಸೌಟಜ್ಜಿ ಬ್ರೇಕಿನ ವಿಷಯವೇ ಮರೆತಳು. ಗಾಳಿ ಅಂಗಿಯೊಳಗೆ ತುಂಬಿತು, ಕಿವಿಯಲ್ಲಿ ಸುಯ್ಯೆಂದಿತು. ಎದುರಿಗೆ ಯಾರ ಬೆನ್ನೂ ಇರಲಿಲ್ಲ. ಹುಲ್ಲಿನ ಮೇಲೆ ಚಾಪೆ ಹಾಸುತ್ತಿದ್ದ ಮಗಳನ್ನು ದಾಟಿ, ಕೈ ಬೀಸುತ್ತಿದ್ದ ಪಟಾಕಿಯನ್ನು ದಾಟಿ ಸೈಕಲ್ ನದಿಯ ಕಡೆಗೇ ಹೊರಟಾಗ ಅಳಿಯ ಬಿದ್ದಂಬೀಳ ಓಡಿಬಂದು ಹ್ಯಾಂಡಲ್ ಹಿಡಿದ.

“ಅತ್ತೆ! ಬ್ರೇಕು!”

“ಇದೆ ಕಣಪ್ಪ” ಎಂದಳು ಆಕೆ, ಉಸಿರು ಸಿಕ್ಕಿದ ಮೇಲೆ. “ಗೇಟಣ್ಣ ಬಿಗಿ ಮಾಡಿದ್ದಾನೆ.”

ಅಂದು ಎಲ್ಲರೂ ನೀರಿಗಿಳಿದರು, ಅಜ್ಜಿಯೂ ಮೊಣಕಾಲಿನವರೆಗೆ ಇಳಿದಳು. ಕಾಯುವವರಿಲ್ಲದ ಚೀಲಕ್ಕೆ ಇರುವೆ ನುಗ್ಗಿ ಅರ್ಧ ಬ್ರೆಡ್ಡು ಹಾಳಾಯಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹೊರಡುವಾಗ ಅಳಿಯ, “ಅತ್ತೆ, ಸುಸ್ತಾಗಿದ್ರೆ ನೀವು ಬಸ್ ಹತ್ತಿ, ಸೈಕಲ್ಲನ್ನ ನಾನು ಹೇಗಾದ್ರೂ ತರ್ತೀನಿ” ಎಂದ.

“ಬಸ್ಸು ನಿಲ್ಲಿಸೋಕೆ ಕೈ ಅಡ್ಡ ಹಿಡೀಬೇಕಪ್ಪ. ನಂಗಿನ್ನೂ ಹ್ಯಾಂಡಲ್ ಬಿಡೋಕೆ ಬರಲ್ಲ” ಎಂದು ಸೌಟಜ್ಜಿ ಪೆಡಲ್ ತುಳಿದಳು.

ಸೋಮವಾರ ಶಾಲೆ ಶುರುವಾಯಿತು. ಆಕೆಗೆ ಕೂರಲಾಗದೆ ನಿಂತುಕೊಂಡೇ ತರಕಾರಿ ಹೆಚ್ಚಿದ್ದಾಯಿತು. ಸಂಜೆ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಗ ಹಿರಿಯ ಮೊಮ್ಮಗಳು ಹೊಸ ಶಾಲೆಯಿಂದ ಬಂದು, ಬ್ಯಾಗು ಕೂಡ ಇಳಿಸದೆ, ಪಕ್ಕದ ಸ್ಟೂಲಿನ ಮೇಲೆ ಕೂತು ಮಾತಿಗೆ ಶುರು ಮಾಡಿದಳು. ಪಕ್ಕ ಕೂರುವ ಹುಡುಗಿಯ ಮುಂದಿನ ಹಲ್ಲು ಸ್ವಲ್ಪ ಸೊಟ್ಟಗಿದೆಯಂತೆ, ತುಂಬಾ ನಗಿಸ್ತಾಳಂತೆ, ನಾಳೆ ಜೊತೆಗೇ ಹೋಗೋಣ ಅಂದಿದ್ದಾಳಂತೆ. ನೀರು ಆರಿ ತಣ್ಣಗಾದರೂ ಸೌಟಜ್ಜಿ ಕಾಲು ತೆಗೆಯಲಿಲ್ಲ. “ಆಮೇಲೆ?” ಎಂದಳು.