ಖಾಲಾ ಕೊಟ್ಟ ಜಾಮೀನು

ನಾನೂ ಪರದೇಶಕ್ಕೆ ಹೋದವನೇ. ನಗಬೇಡಿ. ಹಡಗು ಹತ್ತಲಿಲ್ಲ, ಸಮುದ್ರ ನೋಡಲಿಲ್ಲ. ದಾಟಿದ್ದು ತುಂಗಭದ್ರೆಯನ್ನು, ಅದೂ ಹರಿಗೋಲಿನಲ್ಲಿ, ಹೊಲಿಗೆ ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು. ನಮ್ಮ ದಂಡೆಗೆ ಇಂಗ್ರೇಜಿ ಸರ್ಕಾರ, ಆಚೆ ದಂಡೆಗೆ ನಿಜಾಮನ ಮೊಗಲಾಯಿ. ಹೊಳೆ ಒಂದೇ, ನೀರೂ ಒಂದೇ. ಆದರೆ ಆಚೆ ರೂಪಾಯಿ ಬೇರೆ, ಕಚೇರಿಯ ಮಾತು ಬೇರೆ, ನಾಕಾದಲ್ಲಿ ಸುಂಕದವರ ಗದರಿಕೆಯೂ ಬೇರೆ. ಸಿಂಧನೂರಿನಲ್ಲಿ ಒಬ್ಬರ ಅಂಗಡಿಯಲ್ಲಿ ಕೆಲವು ತಿಂಗಳು ಹೊಲಿದೆ. ಆ ಯಜಮಾನ ಒಂದು ಮಾತು ಹೆಚ್ಚು ಆಡಿದ, ನಾನು ಎರಡು ಮಾತು ಹೆಚ್ಚು ಆಡಿದೆ. ಬಡವನ ಕೋಪ ದವಡೆಗೆ ಮೂಲ ಎಂದು ಅವ್ವ ಹೇಳುತ್ತಿದ್ದುದು ಸುಳ್ಳಲ್ಲ. ಯಂತ್ರವನ್ನು ಮತ್ತೆ ಹೊತ್ತುಕೊಂಡು ಮಸ್ಕಿಗೆ ಬಂದೆ.

ಮಸ್ಕಿಯಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟವಳು ಒಬ್ಬ ಮುಸಲ್ಮಾನ ವಿಧವೆ. ಒಬ್ಬಳೇ ಮಗಳನ್ನು ಮುದಗಲ್ಲಿಗೆ ಕೊಟ್ಟು ತಾನೊಬ್ಬಳೇ ಇದ್ದಳು. ನಾನು ಅವಳನ್ನು ಖಾಲಾ ಎನ್ನುತ್ತಿದ್ದೆ, ಚಿಕ್ಕಮ್ಮ ಎಂದ ಹಾಗೆ. ನಾನು ಹೊಲಿದ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವ ಕೆಲಸ ಅವಳದು. ಆ ಕೂಲಿ, ನನ್ನ ಬಾಡಿಗೆ, ಇವೆರಡರ ಮೇಲೆ ಅವಳ ಒಲೆ ಉರಿಯುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗಿದ್ದರೆ ಇಷ್ಟು ವರ್ಷ ನನಗೆ ಇಷ್ಟು ಸಂಕಟ ಇರುತ್ತಿರಲಿಲ್ಲ.

ಅವ್ವ ಹೊಳೆಯಾಚೆ ನಮ್ಮೂರಲ್ಲಿ ಒಬ್ಬಳೇ ಇದ್ದಳು. ಕರೆದುಕೊಂಡು ಬರಲು ಹೋದರೆ, ತುರುಕರ ಮನೆಯಲ್ಲಿ ನೀರು ಸಹ ಮುಟ್ಟುವುದಿಲ್ಲ, ನಿನ್ನದು ಅಂತ ಒಂದು ಮನೆ ಆದ ದಿನ ಕರಿ, ಬರುತ್ತೇನೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಅವಳಿಗೆ ಆಗಲೇ ಕಣ್ಣು ಮಂದವಾಗಿತ್ತು. ಒಲೆಯ ಮುಂದೆ ಕುಳಿತು ಸೆರಗು ಸುಟ್ಟುಕೊಂಡಿದ್ದಳು. ಅವಳನ್ನು ಹಾಗೆ ಬಿಡುವಂತಿರಲಿಲ್ಲ. ಅದಕ್ಕೇ ಮನೆ ಬೇಕಾಯಿತು.

ಬಜಾರಿನ ಹಿಂದೆ ಮಣ್ಣಿನ ಮಾಳಿಗೆಯ ಒಂದು ಮನೆ ಮಾರಾಟಕ್ಕಿತ್ತು. ಕೈಯಲ್ಲಿದ್ದುದು ಅರ್ಧ ಬೆಲೆಗೂ ಸಾಲದು. ಉಳಿದದ್ದಕ್ಕೆ ಅದೇ ಮನೆಯನ್ನು ಒತ್ತಿ ಬರೆದು ಸಾಲ ತೆಗೆಯುವುದೆಂದು ಸಾಹುಕಾರರ ಅಂಗಡಿಗೆ ಹೋದೆ. ಅವರು ನನ್ನ ಕೈಯಲ್ಲೇ ಹೊಲಿಸಿದ ಕೋಟು ಹಾಕಿಕೊಂಡು ಕುಳಿತಿದ್ದರು. ನನ್ನ ಕೆಲಸ ಹೊಗಳಿದರು, ನಡತೆ ಹೊಗಳಿದರು, ಆಮೇಲೆ ತಲೆ ಅಲ್ಲಾಡಿಸಿದರು.

"ಒತ್ತಿ ಬರದು ಕೊಟ್ರ ಆತೇನು? ನೀ ಗೈರ್‌ಮುಲ್ಕಿ, ಹೊರಗಿನಾಂವ. ನಾಳೆ ಹೊಳಿ ದಾಟಿ ಹ್ವಾದ್ರ ನಾ ಯಾರ್ನ ಹಿಡೀಲಿ? ಈ ನೆಲದಾಗ ಹುಟ್ಟಿದಾವ್ರನ್ನ ಒಬ್ಬರನ್ನ ಜಾಮೀನಿಗೆ ಕರಕೊಂಡ್ ಬಾ."

ಕೋಟಿನ ಗುಂಡಿಗಳನ್ನೆಲ್ಲ ಕಿತ್ತುಕೊಂಡು ಬರಬೇಕೆನ್ನಿಸಿತು. ಉಗುಳು ನುಂಗಿಕೊಂಡು ಬಂದೆ. ನಮ್ಮ ಕುಲದವರೇ ಊರಲ್ಲಿ ಇದ್ದರಲ್ಲ, ಅವರ ಬಾಗಿಲು ತಟ್ಟಿದೆ. ಒಬ್ಬರು ಅಣ್ಣನನ್ನು ಕೇಳಬೇಕೆಂದರು. ಅಣ್ಣ ತಮ್ಮನನ್ನು ಕೇಳಬೇಕೆಂದ. ಇನ್ನೊಬ್ಬರಿಗೆ ಆಗ ಶನಿಕಾಟವಂತೆ. ಭಜನೆಗೆ ಕುಳಿತಾಗ ನನ್ನ ಹೆಗಲ ಮೇಲೆ ಕೈ ಹಾಕುವವರು ಇವರೇ.

ಖಾಲಾಳಿಗೆ ನಾನು ಏನೂ ಹೇಳಿರಲಿಲ್ಲ. ಆದರೆ ಮಸ್ಕಿಯಂಥ ಊರಿನಲ್ಲಿ ಯಾವ ಮಾತು ಮುಚ್ಚಿಟ್ಟರೆ ನಿಂತೀತು? ಒಂದು ಸಂಜೆ ಕಾಜಾ ಹೊಲಿಯುತ್ತಲೇ ಕೇಳಿದಳು, ಮನೆ ನೋಡುತ್ತಿದ್ದೀಯಂತೆ ಏಕೆ ಎಂದು. ಅವ್ವ ಬರುತ್ತಾಳೆ, ಇಬ್ಬರಿಗೆ ಈ ಕೋಣೆ ಸಣ್ಣದಾಗುತ್ತದೆ ಎಂದೆ. ಅದೇ ಕೋಣೆಯಲ್ಲಿ ಅವಳೂ ಅವಳ ಗಂಡನೂ ಅತ್ತೆ ಮಾವಂದಿರೂ ಇದ್ದು ಬಾಳುವೆ ಮಾಡಿದ್ದರು. ಅವಳು ಸೂಜಿ ನಿಲ್ಲಿಸಿ ನನ್ನ ಮುಖ ನೋಡಿದಳು.

"ಹೂಂ, ಸಣ್ಣದೈತಿ," ಎಂದಳು. ಮತ್ತೆ ಸೂಜಿ ಆಡಿಸುತ್ತ ಅಂದಳು, "ಯಾರೂ ನಿಂದ್ರವಲ್ರಂತಲ್ಲ ಜಾಮೀನಿಗೆ? ನಾ ನಿಂದರ್ತೀನಿ ನಡಿ. ನಾನೂ ಇದ ಊರಾಗ ಹುಟ್ಟಿದಾಕಿ."

ಬೇಡ ಎನ್ನಬೇಕಿತ್ತು. ಎಂದೆ ಕೂಡ, ಆದರೆ ಊಟಕ್ಕೆ ಕರೆದಾಗ ಹಸಿದವನು ಬೇಡ ಎಂದಷ್ಟೇ ಗಟ್ಟಿಯಾಗಿ. ನಾನು ಹೋದರೆ ಅವಳ ಬಾಡಿಗೆ ಹೋಗುತ್ತದೆ. ನಾನು ತಪ್ಪಿದರೆ ಅವಳ ಮನೆ ಹೋಗುತ್ತದೆ. ಅಂಗಡಿಗೆ ಕರೆದುಕೊಂಡು ಹೋದಾಗ ಸಾಹುಕಾರರು ಅವಳಿಗೆ ಇದನ್ನು ಬಿಡಿಸಿ ಬಿಡಿಸಿ ಹೇಳಿದರು. ಅವಳು ನಕ್ಕು, ಓಡಿ ಹೋಗುವವನಾಗಿದ್ದರೆ ಇಷ್ಟೊತ್ತಿಗೆ ನನ್ನ ಬಾಡಿಗೆ ಮುಳುಗಿಸಿ ಹೋಗಿರುತ್ತಿದ್ದ ಬಿಡಿ ಎಂದಳು.

ನೋಂದಣಿಗೆ ಲಿಂಗಸೂಗೂರಿಗೆ ಹೋದೆವು. ಮೋಟಾರಿನಲ್ಲಿ ಅವಳಿಗೆ ಓಕರಿಕೆ ಬಂದು ದಾರಿಯುದ್ದಕ್ಕೂ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು. ಕಚೇರಿಯಲ್ಲಿ ಎಲ್ಲ ಉರ್ದು. ನಾನು ಕಿವುಡನ ಹಾಗೆ ನಿಂತಿದ್ದೆ. ಕೇಳಿದ್ದಕ್ಕೆಲ್ಲ ಅವಳೇ ಉತ್ತರ ಕೊಟ್ಟಳು. ಇವನು ನಿನಗೆ ಏನಾಗಬೇಕು ಎಂದು ಗುಮಾಸ್ತ ಕೇಳಿದ್ದು ಮಾತ್ರ ನನಗೂ ತಿಳಿಯಿತು. "ಬೇಟಾ," ಎಂದಳು. ಅವನು ನನ್ನ ಹಣೆಯ ಗಂಧ ನೋಡಿ ಮೀಸೆಯಲ್ಲೇ ನಕ್ಕ. ಅವಳು ನಗಲಿಲ್ಲ. ಹೆಬ್ಬೆಟ್ಟು ಒತ್ತಿ ಬಂದು, ಹೊರಗಿನ ಬೇವಿನ ಗಿಡದ ಕೆಳಗೆ ಕುಳಿತು ನೀರು ಕುಡಿದಳು.

ಅವ್ವನನ್ನು ಕರೆತಂದೆ. ಹೊಳೆ ದಾಟುವಾಗಲೇ ಕೇಳಿದಳು, ಪರಸೀಮೆಯವನಿಗೆ ಸಾಲ ಹೇಗೆ ಕೊಟ್ಟರು, ಯಾರು ಹೊಣೆ ನಿಂತರು ಎಂದು. ಯಾರೂ ಇಲ್ಲ, ನನ್ನ ಮಾತಿನ ಮೇಲೇ ಕೊಟ್ಟರು ಎಂದುಬಿಟ್ಟೆ. ನಿಜ ಹೇಳಿದ್ದರೆ ಅವಳು ನಡುನೀರಿನಲ್ಲೇ ಹರಿಗೋಲು ತಿರುಗಿಸು ಎನ್ನುತ್ತಿದ್ದಳು. ಹಾಗೆಂದು ಇಂದಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಎನ್ನುತ್ತಿದ್ದಳೋ ಇಲ್ಲವೋ, ಕೇಳಿ ನೋಡಿದವರು ಯಾರು?

ಗೃಹಪ್ರವೇಶಕ್ಕೆ ಖಾಲಾ ಬಂದಳು. ಪೆಟ್ಟಿಗೆಯೊಳಗಿನ ಹಸಿರು ಸೀರೆ ಉಟ್ಟು ಬಂದಿದ್ದಳು. ಬಾಗಿಲಿಗೆ ಬಂದವಳು ಒಳಗಿನ ಜನರನ್ನು ನೋಡಿ ತಾನಾಗಿಯೇ ಹೊರಗಿನ ಕಟ್ಟೆಯ ಮೇಲೆ ಕುಳಿತಳು. ಒಳಗೆ ಪಂಕ್ತಿ ನಡೆದಿತ್ತು. ಶನಿಕಾಟದವರು ಹೋಳಿಗೆಗೆ ತುಪ್ಪ ಕೇಳುತ್ತಿದ್ದರು. ಅವ್ವ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಮೇಲೊಂದು ಕುಬಸದ ಬಟ್ಟೆಯ ಕಣ ಇಟ್ಟು, ನಿನ್ನ ಹಳೆಯ ಬಾಡಿಗೆ ಮನೆಯವಳಿಗೆ ಶಿಧಾ ಕೊಟ್ಟು ಬಾ ಎಂದಳು. ಕೂಡಿ ಉಣ್ಣದವರಿಗೆ ಹಾಗೆ ಹಸಿ ದಿನಸಿ ಕೊಡುವುದು ಪದ್ಧತಿ. ಅವ್ವನ ಲೆಕ್ಕದಲ್ಲಿ ಅದು ಮರ್ಯಾದೆಯೇ. ಮೊರವನ್ನು ಹೊರಗೆ ಹೊತ್ತುಕೊಂಡು ಹೋದವನು ನಾನು.

ಅವ್ವನೂ ಹಿಂದೆಯೇ ಹೊಸ್ತಿಲ ತನಕ ಬಂದಳು. ಹೆಮ್ಮೆ ತಡೆಯದೆ ಹೇಳಿದಳು, "ನೋಡವಾ, ಯಾರ ಹಂಗೂ ಇಲ್ಲದ ನನ್ನ ಮಗ ಮನಿ ಮಾಡ್ಯಾನ. ಬರೇ ಮಾತಿನ ಮ್ಯಾಲ ಸಾಲ ಕೊಟ್ಟಾರಂತ."

ಮೊರದಲ್ಲಿ ಸರಿಯಾಗಿಯೇ ಇದ್ದ ಬೆಲ್ಲವನ್ನು ನಾನು ಮತ್ತೆ ಸರಿಮಾಡಿದೆ. ಖಾಲಾ ನನ್ನ ಕಡೆ ನೋಡಲಿಲ್ಲ. ಅವ್ವನನ್ನೇ ನೋಡಿದಳು.

"ಖರೇ ಐತವಾ. ನಿನ್ನ ಮಗನ ಮಾತಿಗಿ ಊರಾಗ ಅಷ್ಟು ಕಿಮ್ಮತ್ತೈತಿ."

ಸೆರಗು ಒಡ್ಡಿ ಶಿಧಾ ತೆಗೆದುಕೊಂಡು, ಗಂಟು ಕಟ್ಟಿಕೊಂಡು ಹೋದಳು.

ಬಂದವರೆಲ್ಲ ಉಂಡು ಎದ್ದ ಮೇಲೆ ಖಾಲಾಳ ಮನೆಗೆ ಹೋದೆ. ನಾನು ಇದ್ದ ಕೋಣೆಯನ್ನು ಸಾರಿಸುತ್ತಿದ್ದಳು. ಕಾಲು ಹಿಡಿಯುತ್ತೇನೆ ಎಂದುಕೊಂಡೇ ಹೋಗಿದ್ದೆ; ಖಾಲಾ ಎಂದು ಕರೆದು ಹೊಸ್ತಿಲ ಹೊರಗೇ ಕುಳಿತುಬಿಟ್ಟೆ. ಅವಳು ಕೈ ತೊಳೆದುಕೊಂಡು ಬಂದು ನನ್ನೆದುರು ಕುಳಿತಳು.

"ನಿಮ್ಮವ್ವ ನನ್ನ ಮನಿಗಿ ಬರೂದಿಲ್ಲಂತ ನನಗ ನೀ ಕೋಣಿ ಸಣ್ಣದಂದ ದಿನಾನ ತಿಳದಿತ್ತು ಬೇಟಾ. ಇರ್ಲಿ ಬಿಡು. ಒಳಗ ಮನಿ ಹ್ಯಾಂಗೈತಿ, ಅದನ್ನರ ಹೇಳು."

ಹೇಳಿದೆ. ಪಡಸಾಲೆ ಎಷ್ಟು ಅಗಲ, ಅಡಿಗೆಮನೆಯ ಬೆಳಕಿಂಡಿ ಯಾವ ಕಡೆ, ಮಾಳಿಗೆಗೆ ಎಂಥ ತೊಲೆ, ಯಂತ್ರ ಎಲ್ಲಿಟ್ಟಿದ್ದೇನೆ, ಎಲ್ಲ ಹೇಳಿದೆ. ಗಾಳಿ ಬರುತ್ತದೆಯೇ ಎಂದು ಕೇಳಿದಳು, ಬರುತ್ತದೆ ಎಂದೆ. ಅವಳು ಹೂಂಗುಟ್ಟುತ್ತ ಕೇಳಿದಳು. ಅಷ್ಟೆಲ್ಲ ಹೇಳಿದ ಈ ಬಾಯಿಗೆ, ಬಾ ಖಾಲಾ, ನೀನೇ ನೋಡುವಿಯಂತೆ ಎನ್ನುವ ಒಂದು ಮಾತು ಮಾತ್ರ ಬರಲಿಲ್ಲ.