ಸೊನ್ನೆ ಟಿಕೆಟ್ಟಿನ ಸುಶೀಲಮ್ಮ ಮೇಡಂ

ಹೆಂಗಸರಿಗೆ ಬಸ್ಸು ಉಚಿತವಾದ ಮೇಲೂ ಟಿಕೆಟ್ಟಿಗಾಗಿ ನನ್ನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದವರು ಸುಶೀಲಮ್ಮ ಮೇಡಂ ಒಬ್ಬರೇ. "ಸೊನ್ನೆ ಟಿಕೆಟ್ಟಾದ್ರೂ ಟಿಕೆಟ್ಟೇ ಕಣೇ ರತ್ನ, ಹರಿ ಬೇಗ" ಎಂದು ಕೈ ಚಾಚುವರು. ಅದರ ಹಿಂಬದಿಯಲ್ಲಿ ಕೆಂಪು ಪೆನ್ನಿನಿಂದ ಇಂಗ್ಲಿಷಿನಲ್ಲಿ ಏನೋ ಗೀಚಿ, ಇಳಿಯುವಾಗ ನನಗೇ ಕೊಡುವರು. ಅದೇ ನನ್ನ ಅವತ್ತಿನ ಪಾಠ.

ನಾನು ಅರಸೀಕೆರೆ–ಬೇಲೂರು ಬಸ್ಸಿನ ಕಂಡಕ್ಟರ್ ಆಗಿದ್ದೆ. ಮೇಡಂ ಜಾವಗಲ್ಲಿನಲ್ಲಿ ಹತ್ತಿ ಬೇಲೂರಿನ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಹೋಗುತ್ತಿದ್ದರು. ನಿಂತು ನಿಂತು ನನ್ನ ಮಂಡಿ ಸವೆದಿತ್ತು. ಪಿಯುಸಿ ಪಾಸಾದರೆ ಕೂತು ಮಾಡುವ ಆಫೀಸು ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಆದರೆ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ.

"ಗಿವ್ ಅಂದ್ರೆ ಕೊಡು. ಗಿವ್ ಅಪ್ ಅಂದ್ರೆ ಕೈಬಿಡು ಅಂತೀರ, ಗಿವ್ ಇನ್ ಅಂದ್ರೆ ಸೋತು ಒಪ್ಪಿಕೊಳ್ಳೋದು ಅಂತೀರ. ಇದ್ಯಾವ ನ್ಯಾಯ ಮೇಡಂ?" ಎಂದು ಒಮ್ಮೆ ರೇಗಿದೆ.

"ಡ್ರೈವರ್ ಗೋಪಾಲ ಗಾಡಿ ಹೊಡೀತಾವ್ನೆ, ಹಿಂದ್ಲ ಸೀಟ್ನೋನು ಗೊರ್ಕೆ ಹೊಡೀತಾವ್ನೆ, ನೀನು ಡುಮ್ಕಿ ಹೊಡ್ದೆ. ಯಾರಿಗಾದ್ರೂ ಏಟು ಬಿತ್ತೇನೇ?" ಎಂದರು ಮೇಡಂ. ಇಡೀ ಬಸ್ಸು ನಕ್ಕಿತು. ನಾಚಿಕೆಯಾಯಿತು, ಆದರೆ ಎರಡು ವರ್ಷ ತಲೆಗೆ ಹತ್ತದ್ದು ಅವತ್ತು ಹತ್ತಿತು.

ಆಮೇಲೆ ಅವರು ಊರಿಗೊಂದು ಕ್ರಿಯಾಪದ ಹಂಚಿದರು. ಜಾವಗಲ್ಲಿಗೆ ಗಿವ್, ಹಳೇಬೀಡಿಗೆ ಟೇಕ್, ಬೇಲೂರಿಗೆ ಪುಟ್. ಊರು ಬಂದಾಗ ಅದರ ಬಾಲಗಳನ್ನೆಲ್ಲ ಅರ್ಥಸಮೇತ ಒಪ್ಪಿಸಬೇಕು. ಟೇಕ್ ಆಫ್, ವಿಮಾನ ಮೇಲೇರುವುದು. ಟೇಕ್ ಆಫ್ಟರ್, ಅಪ್ಪನನ್ನೋ ಅಮ್ಮನನ್ನೋ ಹೋಲುವುದು. ಒಂದು ದಿನ ಬೇಲೂರಿನಲ್ಲಿ 'ಪುಟ್ ಅಪ್ ವಿತ್' ಅರ್ಥ ಹೊಳೆಯದೆ ತಡವರಿಸಿದೆ. "ಹೇಳೋವರ್ಗೂ ಇಳಿಯಲ್ಲ ಕಣೇ" ಎಂದು ಮೇಡಂ ಮೆಟ್ಟಿಲ ಮೇಲೇ ನಿಂತುಬಿಟ್ಟರು. ಹಿಂದೆ ಇಳಿಯುವವರ ಗದ್ದಲ. ಕೊನೆಗೆ ಡ್ರೈವರ್ ಗೋಪಾಲಣ್ಣನೇ, "ಸಹಿಸ್ಕೊಳ್ಳೋದು ಕಣಮ್ಮ! ನಾನು ದಿನಾ ನಿಮ್ಮಿಬ್ರನ್ನೂ ಸಹಿಸ್ಕೊಂಡಿಲ್ವಾ?" ಎಂದು ಕೂಗಿದ. ಮೇಡಂ ಅವನಿಗೆ ಪೂರ್ತಿ ಅಂಕ ಕೊಟ್ಟು ಇಳಿದರು.

ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ಜಾವಗಲ್ಲಿನಲ್ಲಿ ಮೇಡಂ ಹತ್ತಲಿಲ್ಲ. ಎದೆನೋವೆಂದು ಮಲಗಿದವರು ಮತ್ತೆ ಏಳಲಿಲ್ಲವೆಂದು ಅವರ ಪಕ್ಕದ ಮನೆಯಾಕೆ ಸ್ಟಾಪಿನಲ್ಲಿ ಹೇಳಿದರು. ಬಸ್ಸಿನ ತುಂಬ ಜನ. ಟಿಕೆಟ್ ಹರಿಯುತ್ತಲೇ ಬೇಲೂರು ಮುಟ್ಟಿದೆ. ಅಳು ಬರಲಿಲ್ಲ. ಅದಕ್ಕೆ ನನ್ನ ಮೇಲೆ ನನಗೇ ಕೋಪ ಬಂತು.

ಪರೀಕ್ಷೆಯ ದಿನ ಒಂದು ಪ್ರಶ್ನೆಗೆ ಉತ್ತರ ಹೊಳೆಯದೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಬಸ್ಸು ಹತ್ತಿದೆ. ಜಾವಗಲ್ಲು ದಾಟಿತು, ಬೇಕಿದ್ದ ಉತ್ತರ ಮುಂದಿನ ಊರಿನಲ್ಲಿ ಸಿಕ್ಕಿತು. ಆ ಖುಷಿಗೆ "ಹಳೇಬೀಡು, ಹಳೇಬೀಡು! ಇಳ್ಕೊಳ್ರೀ!" ಎಂದು ಗಟ್ಟಿಯಾಗಿ ಕೂಗಿಬಿಟ್ಟೆ. ಹುಡುಗರೆಲ್ಲ ಬೆಂಚು ಕುಟ್ಟಿ ನಕ್ಕರು. ಗದರಿಸಲು ಬಂದ ಮೇಷ್ಟ್ರೂ ನಕ್ಕರು.

ಆ ಸಲ ಪಾಸಾದೆ. ಈಗ ಕೂತು ಮಾಡುವ ಕೆಲಸ. ಆದರೆ ಅವತ್ತಿನ ಕೊನೆಯ ಪ್ರಶ್ನೆಯನ್ನು ಮರೆಯಲಾಗಿಲ್ಲ. 'ಪಾಸ್ ಅವೇ' ಬಳಸಿ ಸ್ವಂತ ವಾಕ್ಯ ಬರೆಯಿರಿ, ಎರಡು ಅಂಕ. ತೀರಿಕೊಳ್ಳುವುದು ಎಂದು ಅರ್ಥ. ಆ ಮಾತಿಗೆ ನಮ್ಮ ದಾರಿಯಲ್ಲಿ ಯಾವ ಊರೂ ಇರಲಿಲ್ಲ. ಬಿಟ್ಟು ಏಳೋಣವೆಂದರೆ ಪಾಸಾಗುವ ನಂಬಿಕೆಯಿಲ್ಲ. ನನ್ನ ಮೇಡಂ ಜಾವಗಲ್ಲಿನಲ್ಲಿ ತೀರಿಕೊಂಡರು ಎಂದು ಇಂಗ್ಲಿಷಿನಲ್ಲಿ ಬರೆದೆ. ಎರಡು ಸಲ ಓದಿ ನೋಡಿದೆ. ಎಲ್ಲೂ ತಪ್ಪಿರಲಿಲ್ಲ. ಇಪ್ಪತ್ತು ದಿನದಿಂದ ಬಾರದ ಅಳು ಆಗ ಬಂತು.