ಸಾಹೇಬರ ಖಾಕಿ

ಕಳೆದ ವಾರ ಮಾವಳ್ಳಿಯಲ್ಲಿ ಆಟೊ ಕಾಯುತ್ತಿದ್ದಾಗ ಆ ವಾಸನೆ ಬಂತು. ನೀರು ಚಿಮುಕಿಸಿದ ಹತ್ತಿಬಟ್ಟೆಯ ಮೇಲೆ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಎಳೆದಾಗ ಏಳುವ ಹಬೆಯ ವಾಸನೆ. ತಿರುಗಿ ನೋಡಿದೆ. ತಳ್ಳುಗಾಡಿಯ ಹಿಂದೆ ಯಾರೋ ಹೆಂಗಸು ನಿಂತಿದ್ದರು.

ತೊಂಬತ್ತರ ದಶಕದಲ್ಲಿ ಚಾಮರಾಜಪೇಟೆಯ ನಮ್ಮ ವಠಾರದೆದುರು, ಹೊಂಗೆ ಮರದಡಿ ಇಸ್ತ್ರಿಯವರೊಬ್ಬರಿದ್ದರು. ವಠಾರದ ಕೊನೆಯ ಮನೆ ಅವರದು. ನನ್ನ ಅಂಗಿ, ಸಬ್‌ಇನ್ಸ್‌ಪೆಕ್ಟರೊಬ್ಬರ ಯೂನಿಫಾರಂ, ಎರಡಕ್ಕೂ ಒಂದೇ ಪೆಟ್ಟಿಗೆ. "ನಿಮ್ದು ಬರೀ ಶರ್ಟು ಸಾರ್, ಅದು ಸರ್ಕಾರ" ಎಂದು ಛೇಡಿಸುವರು.

ಒಂದು ವರ್ಷ ಊರಲ್ಲಿ ಗಲಭೆಯಾಗಿ ಕರ್ಫ್ಯೂ ಬಂತು. ನಾನು ಪತ್ರಿಕೆಯ ವರದಿಗಾರ. ನನಗೆ ಪಾಸ್ ಇತ್ತು. ಮೂರನೆಯ ಬೆಳಿಗ್ಗೆ ಸ್ಕೂಟರ್ ತೆಗೆಯುವಾಗ ಅವರು ಬಟ್ಟೆಯ ಗಂಟು ಹಿಡಿದು ಬಂದರು.

"ಸಾಹೇಬ್ರ ಯೂನಿಫಾರಂ ಇಲ್ಲೇ ಉಳ್ಕೊಂಡ್ಬಿಟ್ಟಿದೆ ಸಾರ್. ಬೈತಾರೆ. ಎರಡೇ ರಸ್ತೆ, ಕೊಟ್ಬರ್ಲಾ?"

ಆಮೇಲೆ ಒಂದು ಮಾತು ಬಂತು: "ಖಾಕಿ ಕೈಲಿದ್ರೆ ಯಾರು ತಡೀತಾರೆ?" ಇಬ್ಬರೂ ನಕ್ಕೆವು. ನಾನು ಹೊರಟೆ.

ಮೊದಲ ತಿರುವಿನಲ್ಲೇ ಅವರನ್ನು ಹಿಡಿದರು. ಕಾವಲಿಗಿದ್ದವರು ಬೇರೆ ಊರಿನಿಂದ ಬಂದ ಪೊಲೀಸರು. ಯೂನಿಫಾರಂ ಎಲ್ಲಿ ಕದ್ದೆ ಎಂದು ಕೇಳಿದರಂತೆ. ಸ್ವಲ್ಪ ಮುಂಚೆ ಅದೇ ಜನ ನನ್ನ ಪಾಸ್ ನೋಡಿ "ಹೋಗಿ ಸಾರ್" ಎಂದಿದ್ದರು. ಆ ಸಂಜೆ ಪೊಲೀಸರು ಕೊಟ್ಟ ಮಾಹಿತಿಯಂತೆ ನಾನೇ ಬರೆದೆ: ಮುನ್ನೆಚ್ಚರಿಕೆ ಕ್ರಮವಾಗಿ ಕೆಲವರನ್ನು ವಶಕ್ಕೆ ಪಡೆಯಲಾಗಿದೆ. ಆ ಕೆಲವರಲ್ಲಿ ಅವರೂ ಒಬ್ಬರು ಎಂಬುದು ಮರುದಿನ ಅವರ ಹೆಂಡತಿ ಬಂದು ಅತ್ತಾಗ ತಿಳಿಯಿತು.

ಸಬ್‌ಇನ್ಸ್‌ಪೆಕ್ಟರ್ ಬಳಿ ಹೋದೆ. "ನಂದೇ ಯೂನಿಫಾರಂ, ಗೊತ್ತು. ಆದ್ರೆ ಬಿಡಿ ಅಂತ ಮೇಲಿನವ್ರು ಹೇಳ್ಬೇಕಲ್ಲ ಸಾರ್" ಎಂದರು. ಅವರು ತೊಟ್ಟಿದ್ದ ಖಾಕಿಯ ಮಡಿಕೆಗೆರೆ ಸೊಟ್ಟಗಿತ್ತು...

ಒಂಬತ್ತು ದಿನವಾದ ಮೇಲೆ ಬಿಟ್ಟರು. ಬಲ ಮೊಣಕೈ ನೆಟ್ಟಗಾಗುತ್ತಿರಲಿಲ್ಲ. ಎಡಗೈಯಲ್ಲಿ ಪೆಟ್ಟಿಗೆ ಹಿಡಿಯುವುದನ್ನು ಕಲಿತರು. ಅದೇ ಖಾಕಿ ಮತ್ತೆ ಬಂತು; ಅದನ್ನೂ ಇಸ್ತ್ರಿ ಮಾಡಿದರು. ಯಾಕೆಂದು ಕೇಳಿದೆ.

"ಬಟ್ಟೆ ಏನ್ ಮಾಡ್ತು ಸಾರ್?"

ಅದು ಕ್ಷಮೆಯೋ, ಭಯವೋ, ಬರೀ ಹೊಟ್ಟೆಪಾಡೋ... ಇವತ್ತಿಗೂ ನನಗೆ ತಿಳಿದಿಲ್ಲ.

ಅವರು ತೀರಿಕೊಂಡು ವರ್ಷಗಳಾದವು. ಹೊಂಗೆ ಮರವೂ ಇಲ್ಲ. ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಅವರಿದ್ದಾಗ ಕೇಳಲಿಲ್ಲ: ಆ ಬೆಳಿಗ್ಗೆ, ಖಾಕಿ ಇದ್ದರೆ ಯಾರು ತಡೆಯುತ್ತಾರೆ ಎಂದದ್ದು ಅವರೋ, ನಾನೋ? ಕೆಲವು ದಿನ ಅದು ಅವರ ದನಿಯಲ್ಲಿ ಕೇಳುತ್ತದೆ. ಕೆಲವು ದಿನ, ಸ್ಕೂಟರಿನ ಕಿಕ್ಕರ್ ಮೇಲೆ ಕಾಲಿಟ್ಟ ನನ್ನ ದನಿಯಲ್ಲಿ. ಯಾರು ಹೇಳಿದ್ದೆಂದು ಖಚಿತವಾಗದ ಮಾತನ್ನು ನಾನು ಎಂದೂ ಅಚ್ಚಿಗೆ ಕಳಿಸಿದವನಲ್ಲ. ಇದೊಂದನ್ನು ಹೆಸರಿಲ್ಲದೆ ಬರೆದಿದ್ದೇನೆ.